ಎಡಗೈ ವೀರರು

ಡೀಸೆಲ್ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಮೂರನೇ ಇಯತ್ತೆ ಓದುವಾಗ ರಾಯಚೂರಿನಿಂದ ಸಿನಿಮಾ ತೋರಿಸುವವರ ಜೀಪು ಬಂತು. ದೇವದುರ್ಗದ ಕಡೆಯ ನಮ್ಮೂರ ಚಾವಡಿ ಮುಂದೆ ಗೌಡರ ಬಿಳಿ ಧೋತರವನ್ನೇ ಪರದೆಯಾಗಿ ಕಟ್ಟಿ, ಜನರೇಟರ್ ಹಚ್ಚಿ, ಕಾರ್ಟೂನ್ ಸಿನಿಮಾ ತೋರಿಸಿದರು. ಬೆಂಕಿ ಉಗುಳುವವಳು, ಗಾಳಿಯಾಗುವವನು, ಗೋಡೆಯೊಳಗೆ ತೂರಿ ಬರುವವನು ಸೇರಿ ಜನರನ್ನು ಕಾಯುವ ಕಥೆ.

"ಲೇ ಕೇರಿಯವರಾ, ಪರದಿ ಹಿಂದ ಕೂಡ್ರಿ! ಧೋತರ ಮುಟ್ಟಿದ್ರ ಕೈ ಮುರೀತೀನಿ!" ಎಂದು ಗೌಡರ ಆಳು ಬಡಿಗೆ ಎತ್ತಿದ.

ಹಿಂದೆ ತಿಪ್ಪೆಯ ಮಗ್ಗುಲಲ್ಲಿ, ಜನರೇಟರ್ ಹೊಗೆಯಲ್ಲಿ ಕೂತ ನಮಗೆ ಚಿತ್ರ ಎಡಬಲ ತಿರುವುಮುರುವಾಗಿ ಕಂಡಿತು. ವೀರರೆಲ್ಲ ಎಡಗೈಯಲ್ಲೇ ಗುದ್ದುತ್ತಿದ್ದರು.

"ಯವ್ವಾ, ಗ್ವಾಡಿ ದಾಟಿ ಬರಾಂವ ನಮ್ಮ ಕಡಿ ಯಾಕ ಬರವಲ್ಲ?" ಎಂದು ಕೇಳಿದೆ.

ಅವ್ವ ಬಾಯೊಳಗಿನ ಎಲೆಯಡಿಕೆ ತುಪುಕ್ಕನೆ ಉಗುಳಿದಳು.

"ಗ್ವಾಡಿ ದಾಟತಾನ. ಇದು ಗೌಡರ ಧೋತರ."