ಮೊಣಕೈಗೊಂದು ಗುಂಡಿ

ಮಾನ್ಯ ವಾಚಕ ಮಹಾಶಯರೇ, ತಾವೀಗ ನೇರವಾಗಿ ಹೆರಿಗೆ ಕೋಣೆಯೊಂದನ್ನು ಪ್ರವೇಶಿಸುತ್ತಿದ್ದೀರಿ. ಗಾಬರಿಯಾಗಬೇಡಿ, ಮಂಚ ಖಾಲಿಯಿದೆ. ಹಿರಿಯ ದಾದಿಯ ಕೈಯಲ್ಲಿರುವುದು ಮಗುವಲ್ಲ, ಸುತ್ತಿದ ಟವೆಲ್. ಎದುರಿಗೆ ಸಾಫ್ಟ್‌ವೇರ್ ಬರೆಯುವ ಹುಡುಗಿ ರಟ್ಟಿನ ಹಾಳೆಯೊಂದನ್ನು ಹಿಡಿದು ನಿಂತಿದ್ದಾಳೆ. ಅದು ಹೊಸ ಸಾಫ್ಟ್‌ವೇರಿನ ಮಾದರಿ: ಪೆನ್ಸಿಲ್ಲಿನಲ್ಲಿ ಬರೆದ ಕಂಪ್ಯೂಟರ್ ಪರದೆ, ಅಂಟಿಸಿದ ಕಾಗದದ ಗುಂಡಿಗಳು. ಆಕೆ ಮೊದಲು ಮಾಡಿಕೊಟ್ಟ ಸಾಫ್ಟ್‌ವೇರನ್ನು ಇಲ್ಲಿ ಯಾರೂ ಮುಟ್ಟಿರಲಿಲ್ಲ. ಮಕ್ಕಳು ಹುಟ್ಟಿದ ಗಳಿಗೆ ಇನ್ನೂ ಅಂದಾಜಿನಲ್ಲೇ ದಾಖಲಾಗುತ್ತಿತ್ತು. ದಾದಿಯರು ಇದನ್ನೂ ಬೇಡವೆಂದರೆ ಆಕೆಯ ಕೆಲಸ ಬೇರೆಯವರ ಪಾಲಾಗುವುದು ಖಚಿತ.

“ಮಗು ಹುಟ್ತು ಅಂದ್ಕೊಳ್ಳಿ ಅಕ್ಕಾ. ‘ಸಮಯ’ದ ಗುಂಡಿ ಒತ್ತಿ.”

“ಯಾವ ಕೈಲಮ್ಮ ಒತ್ಲಿ? ನನಗೇನು ಮೂರು ಕೈ ಇದೆಯಾ?” ದಾದಿ ನಕ್ಕಳು. “ಕೈ ಖಾಲಿಯಾಗೋ ಹೊತ್ತಿಗೆ ಹತ್ತು ನಿಮಿಷ ಹೋಗಿರುತ್ತೆ.”

“ಏನೇನು ಬೇಕು ಅಂತ ಮೂರು ತಿಂಗಳು ಕೇಳಿದ್ನಲ್ಲ, ಇದನ್ನ ಯಾಕೆ ಹೇಳ್ಲಿಲ್ಲ?”

“ಕೈಯಲ್ಲಿ ಮಗು ಇರುತ್ತೆ ಅಂತಾನೂ ಹೇಳ್ಬೇಕಾ ತಾಯಿ?”

ಹುಡುಗಿ ಹೆಬ್ಬೆರಳಿನಷ್ಟಿದ್ದ ಗುಂಡಿಯನ್ನು ಕಿತ್ತು, ಅಂಗೈಯಗಲದ ಕಾಗದವೊಂದನ್ನು ಕತ್ತರಿಸಿ ಹಚ್ಚಿ, ರಟ್ಟನ್ನು ಗೋಡೆಗೆ ಅಂಟಿಸಿದಳು. ದಾದಿ ಟವೆಲನ್ನು ಎದೆಗವಚಿಕೊಂಡೇ ಬಾಗಿ, ಮೊಣಕೈಯಿಂದ ಆ ಗುಂಡಿಯನ್ನು ಗುದ್ದಿದಳು. ಕಾಗದ ಸುಕ್ಕಾಯಿತು. ಆಕೆ ಒಂದು ಕ್ಷಣ ಅದನ್ನೇ ನೋಡಿದಳು.

“ಇನ್ನೊಂದು ಗೇಣು ಕೆಳಗಿರ್ಲಿ. ನಮ್ಮ ಪಾಳಿಯ ಕುಳ್ಳಿಗೂ ಎಟುಕ್ಬೇಕಲ್ಲ,” ಎನ್ನುತ್ತಾ ಟವೆಲನ್ನು ಹುಡುಗಿಯ ತೋಳಿಗೆ ದಾಟಿಸಿ, “ತಲೆ ಹಿಡ್ಕೋ, ಬಿದ್ದೀತು!” ಎಂದು ಗದರಿ, ಪೆನ್ಸಿಲನ್ನು ತಾನೇ ಎತ್ತಿಕೊಂಡಳು.

ಇನ್ನು ಅಲ್ಲಿ ನಮಗೇನು ಕೆಲಸ? ನಾನೂ ಗಂಟುಮೂಟೆ ಕಟ್ಟಿ ಹೊರಟೆ.