ಸೆರಗಿನ ಮರೆ

ಮುರುಗಲ ಹಣ್ಣಿನ ಪಾನಕಕ್ಕೆ ಜೀರಿಗೆ ಹಾಕಿದ ಪರಿಮಳ ಬಂದರೆ ಈಗಲೂ ನನಗೆ ಲೋಟ ಎತ್ತಲಾಗುವುದಿಲ್ಲ.

ನನಗಾಗ ಏಳು ವರ್ಷ. ಬೇಸಿಗೆ ರಜೆಯಲ್ಲಿ, ಮೀನಿನ ಬುಟ್ಟಿ ಹೊತ್ತ ಅಮ್ಮನ, ನಮ್ಮ ಮಾತಿನಲ್ಲಿ ಆಯಿಯ, ಹಿಂದೆ ಹೊಳನಗದ್ದೆಯ ಮನೆ ಮನೆ ಸುತ್ತುತ್ತಿದ್ದೆ. ಒಂದು ಮನೆಯ ಜಗಲಿ ಮೆಟ್ಟಿಲಲ್ಲಿ ಆಯಿ ಹೊಟ್ಟೆ ಒತ್ತಿಕೊಂಡು ಕೂತುಬಿಟ್ಟಳು.

“ಎಂತ ಆತೇ?” ಎಂದಳು ಆ ಮನೆಯ ಅಜ್ಜಿ.

“ಹೊರಕಡೆಗೆ ಹೋಗ್ದೆ ಐದು ದಿನ ಆತು ಅಮ್ಮಾ. ಹೊಟ್ಟೆ ಕಲ್ಲಾಗ್ಹೋಯ್ತು.”

ಅಜ್ಜಿ ಒಳಗಿಂದ ಎರಡು ಲೋಟ ಪಾನಕ ತಂದಳು. “ಇಡೀ ದಿನ ನೀರೇ ಕುಡೀದಿದ್ರೆ ಮತ್ತೆಂತ ಆಗ್ತದೆ? ಮೊದ್ಲು ಕುಡಿ.”

“ಕುಡಿದ್ರೆ ದಾರೀಲಿ ಎಲ್ಲಿ ಕೂತ್ಕಳ್ಲಿ? ಇನ್ನೂ ಅರ್ಧ ಊರು ಉಂಟು,” ಎಂದು ಆಯಿ ನಕ್ಕು, ತನ್ನ ಲೋಟವನ್ನೂ ನನ್ನ ಕಡೆಗೆ ಸರಿಸಿದಳು. ಕೆಂಪಗೆ, ತಣ್ಣಗೆ, ಹುಳಿಸಿಹಿಯಾಗಿತ್ತು. ನಾನು ಎರಡನ್ನೂ ಕುಡಿದೆ.

ಗದ್ದೆಯ ಹಾಳಿಗೆ, ಆ ಬದುವಿನ ದಾರಿಗೆ, ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಆಯಿ ಬುಟ್ಟಿ ಇಳಿಸಿ, ಸೆರಗನ್ನು ಅಗಲಕ್ಕೆ ಹಿಡಿದು, ರಸ್ತೆಗೆ ಅಡ್ಡವಾಗಿ ನಿಂತಳು.

“ಕೂತ್ಕ ಮಗಾ, ಯಾರಿಗೂ ಕಾಣೂದಿಲ್ಲ.”

ಅವಳಿಗೆ ಹಾಗೊಂದು ಮರೆ ಹಿಡಿಯುವಷ್ಟು ಎತ್ತರ ನಾನು ಬೆಳೆಯುವ ಹೊತ್ತಿಗೆ ಆಯಿಯೇ ಇರಲಿಲ್ಲ.