ಕಿವಿಯ ಹಿಂದಿನ ಗಂಟು

ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ನನ್ನ ಕೈ ಇವತ್ತಿಗೂ ಕಿವಿಯ ಹಿಂದಕ್ಕೆ ಹೋಗುತ್ತದೆ.

ಚಿಕ್ಕವಳಿದ್ದಾಗ, ನಾವು ಬೊಮ್ಮಸಂದ್ರದಲ್ಲಿ ಬಾಡಿಗೆಗಿದ್ದಾಗ, ಕಿವಿಯ ಹಿಂದೆ ನನಗೊಂದು ಗಂಟು ಬಂದಿತ್ತು. “ಚಿನ್ನ ಸೋಕಿದ್ರೆ ಮಂಗನಬಾವು ಇಳೀತದೆ” ಎಂದು ಮನೆ ಓನರಮ್ಮ ತಮ್ಮ ಸರವನ್ನೇ ನನ್ನ ಕೊರಳಿಗೆ ಹಾಕಿ, ಅವ್ವನ ಜೊತೆ ಕ್ಲಿನಿಕ್ಕಿಗೂ ಬಂದರು.

ಡಾಕ್ಟರಮ್ಮ ನನ್ನ ಜಡೆ ಎತ್ತಿ ನೋಡಿದರು. “ಮಂಗನಬಾವಲ್ಲ. ಹೇನು ಕಚ್ಚಿ ತಲೆಯೆಲ್ಲಾ ಕೀವಾಗಿದೆ. ಅದು ಮೈಗೆ ಹರಡದಂಗೆ ಈ ಗಂಟು ತಡೀತಿದೆ. ಮನೇಲಿ ತಲೆ ಬಾಚೋರಿಲ್ವಾ?”

“ಶಿಫ್ಟ್ ಐತ್ರೀ ಮೇಡಂ...” ಎಂದಳು ಅವ್ವ. ಮಾತ್ರೆ ಫ್ಯಾಕ್ಟರಿಯಲ್ಲಿ ಒಂದು ಕೂದಲೂ ಉದುರದಂತೆ ದಿನವಿಡೀ ಟೊಪ್ಪಿಗೆ ಹಾಕಿಕೊಂಡು ದುಡಿಯುವವಳು ಅವಳು.

ಓನರಮ್ಮ ನನ್ನ ಕೊರಳಿಂದ ಸರ ಬಿಚ್ಚಿಕೊಂಡರು. ಸಂಜೆ ಅವರು ನಲ್ಲಿಯ ಬಳಿ ಅದನ್ನು ಸೋಪು ಹಚ್ಚಿ ಉಜ್ಜುವ ಸದ್ದು ಕೇಳುತ್ತಿದ್ದಂತೆ, ಅವ್ವ ತಲೆ ಎತ್ತದೆ, ನನ್ನ ಹೇನು ಸಾಯಲೆಂದು ಎಣ್ಣೆಗೆ ಕರ್ಪೂರ ಪುಡಿಮಾಡಿ ಹಾಕಿದಳು.